ಸಾಹೇಬರ ಟೋಪಿ ಏಳುವ ತನಕ

ನಿಜಾಮನ ಕಾಲದಲ್ಲಿ ಕೊಪ್ಪಳದ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಹಾಜರಿ ಗುಮಾಸ್ತನಾಗಿದ್ದೆ. ಬೆಳಗಾಗುತ್ತಲೇ ಗೇಟಿನಲ್ಲಿ ನಿಂತು, ಕೆಲಸಕ್ಕೆ ಬಂದವರಲ್ಲಿ ಯಾರು ಒಳಗೆ, ಯಾರು ವಾಪಸ್ಸು ಎಂದು ಹೇಳುವವನು ನಾನು. ಕೂಸಿಗೆ ಹಾಲು ಕುಡಿಸಲು ಹೋದವಳು ಎಷ್ಟು ಹೊತ್ತಿಗೆ ಬರಬೇಕು, ಅತ್ತೆ ಸತ್ತಳೆಂದು ರಜೆ ಕೇಳಿದವನ ಅತ್ತೆ ನಿಜಕ್ಕೂ ಸತ್ತಿದ್ದಾಳೋ ಇಲ್ಲವೋ, ಒಂದು ಬುಟ್ಟಿಗಾಗಿ ಜಡೆ ಹಿಡಿದುಕೊಂಡ ಇಬ್ಬರಲ್ಲಿ ತಪ್ಪು ಯಾರದು, ಎಲ್ಲ ಪಂಚಾಯಿತಿಯೂ ನನ್ನ ತಲೆಗೇ. ಸಂಜೆ ಕೆಲಸ ಬಿಡುವ ಭೋಂಗಾ ಊದಿದರೆ ಸಾಕು, ಹೆಂಗಸರು ಸೆರಗಿಗೆ ಹತ್ತಿದ ಅರಳೆ ಕೊಡವಿಕೊಂಡು ಗೇಟು ದಾಟುತ್ತಿದ್ದರು. ಅವರಲ್ಲೊಬ್ಬ ಮುದುಕಿ ದಿನಾಲು ನನ್ನ ಕಿಟಕಿಯ ಹತ್ತಿರ ನಿಂತು, ಭೋಂಗಾ ನಿಮಗೆ ಕೇಳಿಸುವುದಿಲ್ಲವೇನ್ರೀ ಎಂದು ಕಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರ ಮಂದಿಯ ಹೊತ್ತು ನೋಡಿಕೊಳ್ಳುವವನು ನಾನು, ನನ್ನ ಹೊತ್ತು ನೋಡುವವರು ಯಾರೂ ಇರಲಿಲ್ಲ.

ಭೋಂಗಾ ಊದಿದರೂ ನಾನು ಏಳದೆ ಕೂತಿರುವುದಕ್ಕೆ ಕಾರಣ ಒಂದು ಟೋಪಿ. ನಮ್ಮ ಮ್ಯಾನೇಜರ್ ಸಾಹೇಬರು ಕಲಬುರ್ಗಿ ಕಡೆಯವರು. ಅವರ ಕೆಂಪು ರೂಮಿ ಟೋಪಿ ಕಚೇರಿಯ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ನಾನು ಸೇರಿದ ದಿನವೇ ಹಿರೇ ಗುಮಾಸ್ತರು ನನ್ನನ್ನು ಮೂಲೆಗೆ ಕರೆದು, ಸಾಹೇಬರು ಆ ಟೋಪಿ ತಲೆಗೆ ಇಡುವ ಮೊದಲು ನಾವು ಮನೆಗೆ ಹೊರಡಲು ತಲೆಗೆ ಸುತ್ತುವ ರುಮಾಲು ಮುಟ್ಟಬಾರದು ಎಂದು ಬುದ್ಧಿ ಹೇಳಿದ್ದರು. ಹಿರಿಯರು ಕುಳಿತಿರುವಾಗ ಕಿರಿಯರು ಏಳುವುದುಂಟೇ? ನಾನೂ ಹೂಂ ಎಂದೆ.

ಭೋಂಗಾ ಊದಿದ ಮೇಲೆ ನಮಗೆ ಒಂದು ಚೂರೂ ಕೆಲಸ ಇರುತ್ತಿರಲಿಲ್ಲ. ಒಣಗಿದ ಮಸಿಯ ದೌತಿಗೆ ನೀರು ಹನಿಸುವುದು, ಬರೆಯುವ ಟಾಕು ಒರೆಸುವುದು, ಒರೆಸಿದ ಟಾಕನ್ನು ಮತ್ತೆ ಒರೆಸುವುದು. ಸಾಹೇಬರು ಹೈದರಾಬಾದಿನಿಂದ ಬಂದ ಹಳೇ ಅಖಬಾರನ್ನು ತಿರುವಿ ತಿರುವಿ ಓದುತ್ತಿದ್ದರು. ನಡುವೆ ನಮ್ಮ ಕಡೆ ನೋಡಿ ನಿಟ್ಟುಸಿರು ಬಿಟ್ಟು ಚಹಾ ತರಿಸುತ್ತಿದ್ದರು. ಹಿರೇ ಗುಮಾಸ್ತರಿಗೆ ಮನೆಯಲ್ಲಿ ಮೊಮ್ಮಕ್ಕಳ ಗದ್ದಲ, ಇಲ್ಲಿ ಪುಕ್ಕಟೆ ಚಹಾ. ಅವರಿಗೇನು ಅವಸರ? ಅವಸರ ಇದ್ದದ್ದು ನನಗೆ. ನನ್ನ ಮನೆ ಗಿಣಿಗೇರಾದಲ್ಲಿ. ನಾನು ಎರಡನೇ ಗುಟುಕು ಕುಡಿಯುವ ಹೊತ್ತಿಗೆ ಸಂಜೆಯ ಪ್ಯಾಸೆಂಜರ್ ಗಾಡಿ ಸೀಟಿ ಹೊಡೆದು ಹೋಗಿಬಿಡುತ್ತಿತ್ತು. ಆಮೇಲೆ ನಾನು ಹಳಿಗುಂಟ ನಡೆದೇ ಮನೆ ಸೇರಬೇಕು.

ಮನೆಯಲ್ಲಿ ಹೆಂಡತಿ ಉಣ್ಣದೆ ಕೂತಿರುತ್ತಿದ್ದಳು. ಗಂಡ ಉಂಡ ಮೇಲೆಯೇ ಹೆಂಡತಿ ಉಣ್ಣಬೇಕು ಎಂದು ಅವಳ ತವರಿನಲ್ಲಿ ಕಲಿಸಿದ್ದರು. ಮದುವೆಯಾದ ಹೊಸತರಲ್ಲಿ ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅವಳಿಗೆ ಮಾತ್ರ ದಿನದಿಂದ ದಿನಕ್ಕೆ ಸಿಟ್ಟು ಮೂಗಿನ ತುದಿಗೇರುತ್ತಿತ್ತು. ಪುಂಡಿಪಲ್ಯೆಯ ಗಡಿಗೆಯನ್ನು ಅವಳು ಕುಕ್ಕಿ ಇಡುವ ಸದ್ದು ಓಣಿಯ ತುದಿಗೆ ಕೇಳಿಸುತ್ತಿತ್ತು. ಒಂದು ದಿನ ತಾಟು ಇಡುತ್ತ ಹೇಳಿಯೇಬಿಟ್ಟಳು.

"ನಾಳೆ ನಮ್ಮಣ್ಣ ಕುಷ್ಟಗಿಯಿಂದ ಗಾಡಿ ಕಟಗೊಂಡು ಬರ್ತಾನ. ದೀಪ ಹಚ್ಚೂದ್ರಾಗ ನೀವು ಮನಿಗೆ ಬಂದ್ರ ಇರ್ತೀನಿ. ಇಲ್ಲಂದ್ರ ಗಾಡಿ ಹತ್ತಿ ಹೋಗ್ತೀನಿ. ಮತ್ತ ನೀವು ಕರೀಲಿಕ್ಕೂ ಬರಬ್ಯಾಡ್ರಿ."

ಅವಳು ಆಡಿದ್ದನ್ನು ಮಾಡುವ ಪೈಕಿ. ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಭೋಂಗಾ ಊದಿತು. ನಾನು ಮೊದಲು ಕೆಮ್ಮಿದೆ. ಸಾಹೇಬರು ಧೂಳಿಗಿರಬೇಕು ಎಂದರು. ಎದ್ದು ಕಿಟಕಿ ಮುಚ್ಚಿದೆ. ಕತ್ತಲಾಯಿತೆಂದು ದೀಪ ತರಿಸಿದರು. ಚಹಾ ಬೇಡವೆಂದೆ. ಪಿತ್ತವಾಗಿದೆಯೆಂದು ಅದಕ್ಕೆ ಶುಂಠಿ ಹಾಕಿಸಿದರು. ಕೊನೆಗೆ ನಾನು ಹುಚ್ಚು ಧೈರ್ಯ ಮಾಡಿ ಗೂಟದ ಮೇಲಿನ ಟೋಪಿ ಇಳಿಸಿದೆ, ಅದಕ್ಕೆ ಹತ್ತಿದ್ದ ಅರಳೆಯನ್ನು ಭಕ್ತಿಯಿಂದ ಕೊಡವಿ ಸಾಹೇಬರ ಮುಂದಿನ ಮೇಜಿನ ಮೇಲೆ ಇಟ್ಟೆ. ಹಿರೇ ಗುಮಾಸ್ತರ ಕೈಯಲ್ಲಿದ್ದ ಬಸಿಯಿಂದ ಚಹಾ ಚೆಲ್ಲಿತು.

ಸಾಹೇಬರು ಟೋಪಿಯನ್ನೂ ನನ್ನನ್ನೂ ನೋಡಿದರು. "ನಿಮ್ಮ ಕೆಲಸ ಮುಗೀತೇನ್ರಿ?"

"ಭೋಂಗಾ ಊದಿದಾಗನ ಮುಗಿದಿರ್ತೈತ್ರಿ, ದಿನಾನೂ."

"ಮತ್ತ ಯಾಕ ಕೂಡ್ತೀರಿ?"

"ನೀವು ಕೂತಿರ್ತೀರಲ್ರಿ."

"ಯಾ ಅಲ್ಲಾ," ಎಂದು ಅವರು ಹಣೆ ಒತ್ತಿಕೊಂಡರು. "ನೀವು ಕೂತೀರಂತ ನಾನು ಕೂತೀನ್ರಿ."

ಅವರ ಮನೆತನದಲ್ಲಿ, ಬೈಠಕ್ಕಿನಲ್ಲಿ ಕುಳಿತವರನ್ನು ಬಿಟ್ಟು ಮನೆಯ ಯಜಮಾನ ಎದ್ದರೆ ಅದು ದೊಡ್ಡ ಬೇಅದಬಿ, ಕುಳಿತವರಿಗೆ ಅವಮಾನವಂತೆ. ಈ ಇಬ್ಬರಿಗೆ ಎಷ್ಟು ನಿಯತ್ತು, ಏಳುವುದೇ ಇಲ್ಲವಲ್ಲ ಎಂದು ಮರುಗಿ ಅವರು ಚಹಾ ತರಿಸುತ್ತಿದ್ದರು. ಅವರ ಮನೆಯಲ್ಲೂ ಬೇಗಂ ಸಾಹೇಬರು ಉಣ್ಣದೆ ಕಾಯುತ್ತಿದ್ದರಂತೆ. ನನಗೆ ನಗು ಬಂತು, ಆದರೆ ನಗುತ್ತ ಕೂಡಲು ಹೊತ್ತಿರಲಿಲ್ಲ. ರುಮಾಲು ಸುತ್ತಿಕೊಂಡು ಬಾಗಿಲಿಗೆ ಓಡಿದೆ.

ಬಾಗಿಲಲ್ಲಿ ಮತ್ತೆ ಅದೇ ಗೋಳು. ಸಾಹೇಬರು ಪಕ್ಕಕ್ಕೆ ಸರಿದು ಕೈ ಚಾಚಿ, ಮೊದಲು ನೀವು ನಡೆಯಿರಿ ಎಂದರು. ಹಿರಿಯರ ಮುಂದೆ ನಾನು ಹೇಗೆ ದಾಟಲಿ? ತಾವು ನಡೆಯಿರಿ ಎಂದೆ. ಅವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಟೋಪಿಯ ಕಾನೂನು ಹೇಳಿಕೊಟ್ಟ ಹಿರೇ ಗುಮಾಸ್ತರು ಛತ್ರಿ ಕಂಕುಳಲ್ಲಿ ಇರುಕಿಕೊಂಡು ನಮ್ಮಿಬ್ಬರ ನಡುವೆ ನುಸುಳಿ ಸದ್ದಿಲ್ಲದೆ ಹೊರಟುಹೋದರು. ಅಷ್ಟರಲ್ಲಿ ಪ್ಯಾಸೆಂಜರ್ ಗಾಡಿ ಸೀಟಿ ಹೊಡೆದು ಹೋಯಿತು.

ನನ್ನ ಮುಖ ನೋಡಿ ಸಾಹೇಬರು ಏನಾಯಿತೆಂದು ಕೇಳಿದರು. ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವರು ತಮ್ಮ ಟಾಂಗಾ ತರಿಸಿ, ನನ್ನನ್ನು ಹತ್ತಿಸಿ ತಾವೂ ಹತ್ತಿದರು. ದಾರಿಯುದ್ದಕ್ಕೂ ನಾನು ಕುದುರೆಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಗಿಣಿಗೇರಾ ಮುಟ್ಟಿದಾಗ ಮನೆಮನೆಯಲ್ಲಿ ದೀಪ ಹಚ್ಚಿಯಾಗಿತ್ತು. ನನ್ನ ಮನೆಯ ಮುಂದೆ ಗಾಡಿ ನಿಂತ ಗುರುತಿತ್ತು, ಎತ್ತು ತಿಂದುಳಿದ ಕಣಿಕೆ ಬಿದ್ದಿತ್ತು, ಗಾಡಿ ಇರಲಿಲ್ಲ. ಹೋಗೇಬಿಟ್ಟಳು ಎಂದು ಟಾಂಗಾದಲ್ಲೇ ಕೂತುಬಿಟ್ಟೆ.

ಆಗ ಬಾಗಿಲು ತೆರೆಯಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಅಣ್ಣಗ ಊಟಕ್ಕ ನೀಡಿದೆ. ನೀ ಕೂಡದಿದ್ರ ನಾನೂ ಉಣ್ಣೂದಿಲ್ಲ ಅಂತ ಹಟ ಹಿಡದ. ಕೂತು ಉಂಡೆ. ಹೊಟ್ಟಿ ತುಂಬಿದ ಮ್ಯಾಲ ಹೋಗಾಕ ಮನಸ್ಸ ಆಗಲಿಲ್ಲ. ಅವನೊಬ್ಬನ್ನ ಕಳಿಸಿದೆ." ಟಾಂಗಾದಲ್ಲಿ ಇನ್ನೊಬ್ಬರು ಇದ್ದದ್ದು ಆಗ ಅವಳಿಗೆ ಕಂಡಿತು. ಇವರೇ ನಮ್ಮ ಸಾಹೇಬರು, ಇವರ ಮನೆಯಲ್ಲೂ ನಿನ್ನ ಹಾಗೆ ಉಣ್ಣದೆ ಕಾಯುತ್ತಾರಂತೆ ಎಂದೆ. ಅವಳು ಬಾಗಿಲ ಹಿಂದೆ ಸರಿದಳು, ಬಾಯಿ ಮಾತ್ರ ಸುಮ್ಮನಾಗಲಿಲ್ಲ. "ಸಾಹೇಬ್ರ, ನಿಮ್ಮ ಮನ್ಯಾಗೂ ಹೇಳ್ರಿ. ಹಸಿವಾದ್ರ ಉಂಡಬಿಡ್ರಿ ಅಂತ."

ಸಾಹೇಬರು ಹೋಗಿ ಮನೆಯಲ್ಲಿ ಆ ಮಾತು ಹಾಗೇ ಹೇಳಿಬಿಟ್ಟರಂತೆ. ಮರುದಿನ ಭೋಂಗಾದ ಸದ್ದು ಅಡಗುವ ಮೊದಲೇ ಅವರ ತಲೆಯ ಮೇಲೆ ಟೋಪಿ ಇತ್ತು. ಬೇಗಂ ಸಾಹೇಬರು ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಂತೆ, ಗಂಡನ ಪಾಲು ಮುಚ್ಚಿಡುತ್ತಾರಂತೆ. ಆರಿದ ರೊಟ್ಟಿ ನನಗೆ ಸೇರುವುದಿಲ್ಲ ನೋಡಿ ಎಂದರು ಸಾಹೇಬರು. ನನಗೂ ಸೇರುವುದಿಲ್ಲ ಎಂದೆ. ಬಾಗಿಲಲ್ಲಿ ಅವತ್ತು ಯಾರೂ ಯಾರಿಗೂ ದಾರಿ ಬಿಡಲಿಲ್ಲ, ಇಬ್ಬರೂ ಭುಜ ತಿಕ್ಕಿಕೊಂಡು ಒಟ್ಟಿಗೇ ಹೊರಬಿದ್ದೆವು. ಹಿರೇ ಗುಮಾಸ್ತರು ಚಹಾಕ್ಕಾಗಿ ಕಾಯುತ್ತ ಕುಳಿತೇ ಇದ್ದರು.

ಸಂಜೆಯ ಪ್ಯಾಸೆಂಜರ್ ಹಿಡಿದು ನಾನು ಬೆಳಕಿದ್ದಾಗಲೇ ಮನೆ ಮುಟ್ಟಿದೆ. ಅವಳು ಬಿಸಿ ರೊಟ್ಟಿಯ ತಾಟು ಮುಂದಿಟ್ಟುಕೊಂಡು ಉಣ್ಣುತ್ತಿದ್ದಳು. ನನ್ನ ಕಡೆ ಒಂದು ತಾಟು ಸರಿಸಿ, ತುತ್ತು ಅಗಿಯುತ್ತಲೇ ಕೇಳಿದಳು.

"ಇಷ್ಟ ದಿವಸ ಈ ರೈಲು ಇರಲಿಲ್ಲೇನ್ರೀ?"

ನಾನು ರೊಟ್ಟಿ ಮುರಿದು ಬಾಯಿಗೆ ತುರುಕಿಕೊಂಡೆ.