ಬಾಗಿಲು ತೆಗೆದೈತ್ರೀ!

ನನಗೊಂದು ಕೆಟ್ಟ ಚಾಳಿ. ಯಾರದಾದರೂ ತಪ್ಪು ಕಣ್ಣಿಗೆ ಬಿದ್ದರೆ, ತಪ್ಪು ಮಾಡಿದವರೊಬ್ಬರನ್ನು ಬಿಟ್ಟು ಉಳಿದ ಊರಿಗೆಲ್ಲ ಹೇಳುತ್ತೇನೆ. ನಮ್ಮೂರ ಮಂಡಿಪೇಟೆಯಲ್ಲಿ ಅಂಗಡಿ ಬೋರ್ಡಿನ ಕಾಗುಣಿತ ತಪ್ಪಿದ್ದರೆ ಫೋಟೊ ತೆಗೆದು ಮೂರು ಗ್ರೂಪಿಗೆ ಹಾಕುತ್ತೇನೆ. ಅಂಗಡಿಯವರಿಗೆ ಹೇಳಿದ್ದು ಮಾತ್ರ ಒಂದು ಸಲವೂ ಇಲ್ಲ. ಕನ್ನಡ ಮೇಷ್ಟ್ರಲ್ಲವೆ, ತಿದ್ದುವುದಕ್ಕಿಂತ ಕೆಂಪು ಗೆರೆ ಎಳೆಯುವುದರಲ್ಲೇ ಸುಖ.

ನಮ್ಮವ್ವ ಹಾಗಿರಲಿಲ್ಲ. ನಮ್ಮ ಬಡಾವಣೆ ನಿಟ್ಟುವಳ್ಳಿ ಇನ್ನೂ ಅರ್ಧ ಹಳ್ಳಿಯಾಗಿದ್ದ ಕಾಲ. ಎದುರುಮನೆ ಬಾಗಿಲು ತೆರೆದಿದ್ದು ಒಳಗೆ ಯಾರೂ ಇಲ್ಲ ಅಂದರೆ, ಅವ್ವ ಸದ್ದಿಲ್ಲದೆ ಹೋಗಿ ಬಾಗಿಲೆಳೆದು, ಚಿಲಕ ಹಾಕಿ, ಅವರ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತುಬಿಡುತ್ತಿದ್ದಳು. ಮನೆಯೊಡತಿ ಬಂದ ಮೇಲೆ ಅವರ ಕಿವಿಯಲ್ಲಿ ಹೇಳಿ ಎದ್ದು ಬರುತ್ತಿದ್ದಳು. "ಇಲ್ಲಿಂದಾನೇ ಕೂಗಿದ್ರೆ ಆಗ್ತಿರಲಿಲ್ಲೇನವ್ವ?" ಅಂದರೆ, "ಬಾಗಿಲು ತೆಗೆದೈತೆ ಅಂತ ಕೂಗಿದ್ರೆ ಮೊದ್ಲು ಕೇಳ್ಸೋದು ಕಳ್ಳಗಪ್ಪಾ" ಎನ್ನುತ್ತಿದ್ದಳು.

ಈ ಮಾತು ನನಗೆ ನೆನಪಾಗಿದ್ದು ಕಳೆದ ವಾರ, ಕೆಲಸ ಕೆಟ್ಟ ಮೇಲೆ.

ನಾನು ಪಾಠ ಹೇಳುವುದು ಪಕ್ಕದ ಹರಿಹರದ ಕಾಲೇಜಿನಲ್ಲಿ, ದಿನಾ ಬಸ್ಸಿನ ಓಡಾಟ. ಸಕ್ಕರೆ ಎಷ್ಟೇರಿದೆ ನೋಡಿಸೋಣವೆಂದು ಬೆಳಿಗ್ಗೆ ಅಲ್ಲೇ ಪಕ್ಕದ ಖಾದರ್ ಸಾಹೇಬರ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಸರದಿಯಲ್ಲಿ ನನ್ನ ಹಿಂದೆಯೇ ಇತಿಹಾಸದ ಗಿರಿಜಾ ಮೇಡಂ ನಿಂತಿದ್ದರು. "ಸರ್, ನಾನಿಲ್ಲಿ ಬಂದಿದ್ದು ಯಾರಿಗೂ ಹೇಳಬ್ಯಾಡ್ರಿ" ಎಂದರು. "ಛೆ ಛೆ, ನಾನ್ಯಾಕ ಹೇಳ್ಲಿ ಬಿಡ್ರಿ" ಎಂದೆ.

ಸಂಜೆ ಮೊಬೈಲಿಗೆ ವರದಿಯ ಲಿಂಕ್ ಬಂತು. ಅಕ್ಷರ ಸಣ್ಣವು, ಕಂಪ್ಯೂಟರಿನಲ್ಲಿ ನೋಡೋಣವೆಂದು ವಿಳಾಸವನ್ನು ಕೈಯಾರೆ ಹೊಡೆದೆ. ಕೊನೆಯಲ್ಲಿ ನನ್ನ ನಂಬರು, 416. ಬೆರಳು ತಪ್ಪಿ 415 ಆಯಿತು. ಯಾರೋ ಅಪರಿಚಿತ ಹಿರಿಯರ ಹೆಸರು, ವಯಸ್ಸು, ಕೊಲೆಸ್ಟ್ರಾಲು ಎಲ್ಲ ತೆರೆದುಕೊಂಡವು. ಬೀಗವಿಲ್ಲ, ಕೇಳುವವರಿಲ್ಲ. ಆಹಾ, ಸಿಕ್ಕಿಬಿದ್ದರು ಸಾಹೇಬರು! ನನ್ನ ಸಕ್ಕರೆಯನ್ನೂ ಮರೆತು ಸ್ಟಾಫ್ ಗ್ರೂಪಿಗೆ ಬರೆದೆ: "ಎಚ್ಚರಿಕೆ! ನನ್ನ ನಂಬರ್ 416. ಒಂದಂಕಿ ಬದಲಿಸಿದರೆ ಬೇರೆಯವರ ವರದಿ ಕಾಣುತ್ತೆ. ಬೇಕಾದರೆ ನೋಡಿ." ಕೆಳಗೆ ಲಿಂಕು ಬೇರೆ.

ಹೆಬ್ಬೆರಳುಗಳ ಸುರಿಮಳೆ. ಕಂಪ್ಯೂಟರ್ ವಿಭಾಗದವರೊಬ್ಬರು ಮಾತ್ರ ಕೇಳಿದರು: "ಮೊದಲು ಲ್ಯಾಬಿನವರಿಗೆ ಹೇಳಿದ್ರಾ ಸರ್?" ಈ ವಿದ್ಯೆ ಬಲ್ಲವರಲ್ಲಿ ಹಾಗೊಂದು ರೀತಿಯಿದೆಯಂತೆ. ಮೊದಲು ಮನೆಯವರಿಗೆ ಹೇಳಬೇಕು, ಬೀಗ ಹಾಕಲು ಸಮಯ ಕೊಡಬೇಕು, ಆಮೇಲೆ ಊರಿಗೆ. ಯೋಚಿಸಿದರೆ, ಹಿಂದೆ ಡಂಗುರ ಹೊಡೆಯುವವನೂ ಗೌಡರನ್ನು ಕೇಳಿಯೇ ಹಲಗೆ ಮುಟ್ಟುತ್ತಿದ್ದ. ನಾನು ಅವನಿಗಿಂತಲೂ ಕಡೆಯಾದೆ.

ಆಗ ಬೆಳಗಿನ ಸರದಿ ನೆನಪಾಯಿತು. ನನ್ನ ಹಿಂದೆ ನಿಂತವರು ಗಿರಿಜಾ ಮೇಡಂ. ಹಾಗಾದರೆ 417?

ಸಂದೇಶ ಅಳಿಸಿದೆ. ಓದಿದವರ ತಲೆಯಿಂದ ಅಳಿಸುವುದು ಹೆಂಗೆ? ಲ್ಯಾಬಿಗೆ ಫೋನ್ ಮಾಡಿದೆ, ಮುಚ್ಚಿತ್ತು. ದೊಡ್ಡ ಕಾಯಿಲೆಯೇನಾದರೂ ಇದ್ದರೆ? 417 ತೆರೆದು ಒಮ್ಮೆ ನೋಡಿ ಸಮಾಧಾನ ಮಾಡಿಕೊಳ್ಳಲೆ ಎಂದು ಕೈ ಮುಂದೆ ಹೋಯಿತು. ಥೂ, ನಾಚಿಕೆಯಾಗಬೇಕು ಎಂದು ಹಿಂದೆಗೆದೆ.

ಮರುದಿನ ಮೊದಲ ಬಸ್ಸಿಗೆ ಹರಿಹರ. ಖಾದರ್ ಸಾಹೇಬರು ಕೇಳಿ ಕುರ್ಚಿಯಲ್ಲಿ ಕುಸಿದರು. "ಮೇಷ್ಟ್ರೆ, ದಿನಾ ನಮ್ಮ ಬಾಗಿಲ ಮುಂದೇನೇ ಹಾದು ಹೋಗ್ತೀರಿ. ನಮ್ಗೊಂದು ಮಾತು ಹೇಳಬಾರದಿತ್ತೇನ್ರಿ?" ಎಂದರು. ಯಾರಿಗೋ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಆ ಪುಟ ಬಂದ್ ಆಯಿತು. ಬರೀ ಹತ್ತು ನಿಮಿಷದ ಕೆಲಸ!

ಸ್ಟಾಫ್ ರೂಮಿಗೆ ಬಂದರೆ ಮಂಡಕ್ಕಿ, ಮಿರ್ಚಿ ಬಂದಿತ್ತು. ಗಿರಿಜಾ ಮೇಡಂ ಒಳಗೆ ಬಂದರು. ಒಬ್ಬರು ಅವರಿಗಾಗಿ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದರು. ಮೇಡಂ ಮಿರ್ಚಿಗೆ ಕೈ ಹಾಕಿದ್ದೇ ತಡ, ಇನ್ನೊಬ್ಬರು ತಟ್ಟೆ ಸರಿಸಿ, "ನಿಮ್ಗೆ ಈಗ ಖಾರ ಬ್ಯಾಡ ಮೇಡಂ, ಹೊಟ್ಟ್ಯಾಗಿನ ಕೂಸಿಗೆ ಆಗಂಗಿಲ್ಲ" ಎಂದರು.

ಕೈ ಗಾಳಿಯಲ್ಲೇ ನಿಂತಿತು. ನನಗೆ ಒಂದು ಕ್ಷಣ ಸಂತೋಷವಾಯಿತು, ಕಾಯಿಲೆಯಲ್ಲವಲ್ಲ ಸದ್ಯ! ಆಮೇಲೆ ಅವರ ಮುಖ ನೋಡಿದೆ. ನಾನೇ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದೆ.

"ಒಂಬತ್ತು ವರ್ಷ ಕಾದೀನಿ ಸರ್" ಎಂದರು, ಮೆಲ್ಲಗೆ. "ನಮ್ಮನೆಯವ್ರು ಕೆಲಸದ ಮೇಲೆ ಬೇರೆ ಊರಿಗೆ ಹೋಗ್ಯಾರೆ, ಭಾನುವಾರ ಬರ್ತಾರೆ. ಎದುರಿಗೆ ಕೂಡ್ರಿಸ್ಕೊಂಡು ಹೇಳ್ಬೇಕು ಅಂತಿದ್ದೆ. ಅವ್ರಿಗಿಂತ ಮೊದ್ಲು ನಿಮ್ಮ ಗ್ರೂಪಿಗೆ ಗೊತ್ತಾತಲ್ರಿ."

"ತಪ್ಪಾತು ಮೇಡಂ" ಎಂದೆ. ಇಷ್ಟು ವರ್ಷ ಕನ್ನಡ ಕಲಿಸಿದವನಿಗೆ ಅದಕ್ಕಿಂತ ಹೆಚ್ಚಿನ ಮಾತು ಸಿಗಲಿಲ್ಲ.

ಅವರು ಫೋನ್ ಕೈಗೆತ್ತಿಕೊಂಡರು. ಇನ್ನು ಭಾನುವಾರದವರೆಗೆ ಕಾದರೆ ಸುದ್ದಿ ಗಂಡನಿಗೆ ಬೇರೆ ಯಾರ ಬಾಯಿಂದಲೋ ಮುಟ್ಟುತ್ತದೆ. ನಾನು ಮಂಡಕ್ಕಿ ಸಮೇತ ಎಲ್ಲರನ್ನೂ ಹೊರಗೆ ಕರೆದೆ. ಬಾಗಿಲೆಳೆದು, ಪಕ್ಕದ ಬೆಂಚಿನ ಮೇಲೆ ಕೂತೆ.

ಪ್ರಿನ್ಸಿಪಾಲರು ಬಂದರು. "ಒಳಗೆ ಏನ್ ನಡೆದೈತೆ ಮೇಷ್ಟ್ರೆ?"

"ನಂಗೊತ್ತಿಲ್ರಿ" ಎಂದೆ.

ಒಳಗಿನಿಂದ ಅಳುವೋ ನಗುವೋ, ಏನೋ ಕೇಳಿಸಿತು. ಬೆಂಚನ್ನು ಇನ್ನೆರಡು ಮಾರು ದೂರಕ್ಕೆ ಎಳೆದುಕೊಂಡು ಕೂತೆ. ಸುಲಿಯಲು ನಾಲ್ಕು ಅವರೆಕಾಯಿ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.