ಮೆಟ್ಟಿಲ ಬುಡದ ಹೆಸರುಗಳು

ಕೇಂಬ್ರಿಜ್‌ನ ನಮ್ಮ ಕಾಲೇಜಿನಲ್ಲಿ ಪ್ರತಿ ಮೆಟ್ಟಿಲಸಾಲಿನ ಬುಡದಲ್ಲೂ ಒಂದು ಕಪ್ಪು ಹಲಗೆಯಿದೆ. ಅದರಲ್ಲಿ ಮೇಲಿನ ಕೋಣೆಗಳಲ್ಲಿ ಇರುವವರ ಹೆಸರು, ಪಕ್ಕದಲ್ಲಿ ‘ಒಳಗೆ’, ‘ಹೊರಗೆ’ ಎಂದು ಸರಿಸುವ ಪುಟ್ಟ ಪಟ್ಟಿ. ನಾನು ಗೇಟು ಕಾಯಲು ಸೇರಿದಾಗಿನಿಂದಲೂ ಆ ಹೆಸರುಗಳನ್ನು ಬರೆಯುವವನು ವಿಲ್ಫ್ರೆಡ್ ಹ್ಯಾಡೋ.

ಅಂದು ಅಂಗಳದ ತುಂಬ ಮಂಜು, ಗೋಪುರಗಳು ತೇಲುತ್ತಿದ್ದವು. ನಕ್ಷತ್ರಗಳನ್ನು ಅಭ್ಯಾಸ ಮಾಡುವ ಕ್ವಿಲ್ಟರ್ ಮೇಡಂ ಆಗಷ್ಟೇ ಹೆಸ್ಟರ್ ಪಿಮ್ ಹೆಸರಿನ ಪೀಠಕ್ಕೆ ಪ್ರೊಫೆಸರ್ ಆಗಿದ್ದರು. ವಿಲ್ಫ್ರೆಡ್ ‘ಡಾ.’ ಕೆರೆದು ‘ಪ್ರೊ.’ ಬರೆದ.

“ಪೂರ್ತಿ ಬರೀರಿ, ಮಿಸ್ಟರ್ ಹ್ಯಾಡೋ. ನಾನು ‘ಹೆಸ್ಟರ್ ಪಿಮ್ ಪ್ರೊಫೆಸರ್’.”

“ಆಯಮ್ಮ ಯಾರು, ಗೊತ್ತಾ?” ಎಂದ ವಿಲ್ಫ್ರೆಡ್.

“ಪೀಠಕ್ಕೆ ದತ್ತಿ ಕೊಟ್ಟೋರು.”

“ಮೇಣದಬತ್ತಿ ಮಾರ್ತಿದ್ದ ವಿಧವೆ. ಯಾರಾದ್ರೂ ಒಬ್ರು ಯಾವಾಗ್ಲೂ ಆಕಾಶ ನೋಡ್ತಾ ಇರ್ಲಿ ಅಂತ ಅಂಗಡಿ ಮಾರಿ ಕೊಟ್ಟು ಹೋದ್ಲು. ನಿಮಗಿಂತ ಮುಂಚೆ ಆ ಪೀಠದಲ್ಲಿದ್ದ ಇಬ್ಬರ ಹೆಸರು ನಾನೇ ಕೆರೆದಿದ್ದೀನಿ. ನಾಳೆ ನಿಮ್ಮದೂ ಅಷ್ಟೇ!”

ಮೇಡಂ ಹಲಗೆಯ ಮೇಲಿನ ಸಾಲಿಗೆ ಬೆರಳು ತೋರಿದರು.

“ಹಾಗಾದ್ರೆ ಹೆಸ್ಟರ್ ಪಿಮ್ ಅವರ ಹೆಸರು ಮೇಲೆ ಬರೀರಿ. ನಂದು ಕೆಳಗಿರ್ಲಿ, ಬಾಡಿಗೆಗೆ ಬಂದೋಳ ಹಾಗೆ.”

“ಇರೋರ ಹೆಸರಿಗೇ ಜಾಗ ಇಲ್ಲ!” ಎಂದು ಗೊಣಗುತ್ತಲೇ ವಿಲ್ಫ್ರೆಡ್ ಬರೆದ. ಬಣ್ಣ ಒಣಗಿದ ಮೇಲೆ ಹೆಸ್ಟರ್ ಪಿಮ್‌ಳ ಪಟ್ಟಿಯನ್ನು ‘ಒಳಗೆ’ ಎಂಬಲ್ಲಿಗೆ ಸರಿಸಿ, ಅದಕ್ಕೊಂದು ಮೊಳೆ ಹೊಡೆದ.