ಹುಳುಮನೆಯಲ್ಲಿ ಅಪ್ಪನ ಮಾತು

ಇವತ್ತು ಶಿಡ್ಲಘಟ್ಟದ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟಿದ್ದರು. ಆ ಹಸಿ ವಾಸನೆಗೆ ರೇಷ್ಮೆ ಸಾಕುತ್ತಿದ್ದ ನಮ್ಮ ಹುಳುಮನೆಯೇ ಕಣ್ಣಮುಂದೆ ಬಂತು.

ಅಪ್ಪನಿಗೆ ಮಾತು ತೊದಲುತ್ತಿತ್ತು. ಅವರು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ಅಮ್ಮನೇ ಹೇಳಿ ಮುಗಿಸುತ್ತಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಹುಳುಮನೆಯೊಳಗೆ ಗಂಡಸಿನ ದನಿ ಕೇಳಿ, ಕಳ್ಳನೆಂದು ಹೆದರಿ ಇಣುಕಿದೆ. ರೇಷ್ಮೆಹುಳುಗಳು ಚರಚರ ಸೊಪ್ಪು ಮೇಯುತ್ತಿದ್ದವು. ಅವುಗಳ ಮುಂದೆ ಅಪ್ಪ ಕೈಕಟ್ಟಿ ನಿಂತು ಒಂದೇ ವಾಕ್ಯವನ್ನು ನಿಧಾನವಾಗಿ ಮತ್ತೆ ಮತ್ತೆ ಹೇಳುತ್ತಿದ್ದರು! ನನ್ನನ್ನು ಕಂಡು ನಾಚಿದರು.

"ದಿ... ದಿನಾ ಒಂದೇ ಮಾತು ಕಣಮ್ಮ. ಅದು ಸಲೀಸಾದ್ರೆ ಇನ್ನೊಂದು. ಅಮ್ಮಂಗೆ ಹೇಳ್ಬೇಡ."

ಮಳೆಗಾಲ ಕಳೆದ ಮೇಲೆ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಏಳನೇ ಕ್ಲಾಸ್ ಮುಗಿದರೆ ಹುಡುಗಿಯರಿಗೆ ಓದು ಸಾಕೆಂದು ಊರ ಹಿರಿಯರೊಬ್ಬರು ಹೇಳುತ್ತಿದ್ದಂತೆ ಅಪ್ಪ ಎದ್ದು ನಿಂತರು. ಅಮ್ಮ ಬಾಯಿ ತೆರೆದಳು. ಅಪ್ಪ ಕೈಯೆತ್ತಿ ತಡೆದರು.

"ನನ್ನ ಮಗಳು ಓ... ಓದ್ತಾಳೆ. ಹೈಸ್ಕೂಲ್‌ಗೆ ನಾನೇ ಸೈಕಲ್ಲಲ್ಲಿ ಬಿಟ್ಟು ಬರ್ತೀನಿ."

ಅಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಅಪ್ಪನನ್ನು ಯಾರೋ ಹೊಸಬರೆಂಬಂತೆ ನೋಡುತ್ತಿದ್ದಳು. ಹೇಳಿದಂತೆ ಅಪ್ಪ ಬಿಟ್ಟೂ ಬಂದರು, ಮೂರು ವರ್ಷ.

ಇವತ್ತು ಬಸ್ಸಿನಿಂದಲೇ ಅವರಿಗೆ ಫೋನ್ ಮಾಡಿದೆ. ನಾನಿಳಿಯುವ ಸ್ಟಾಪ್ ದಾಟಿ ಹೋಯಿತು. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.